ರನ್‌ವೇ ದೀಪ ಕಂಡ ಮಾತ್ರಕ್ಕೆ ಇಳಿಯಬೇಡಿ

ರಾತ್ರಿ ಹಾರಾಟ ಕಲಿಯಲು ಬರುವವರಲ್ಲಿ ಒಂದು ಚಾಳಿ ನೋಡುತ್ತೇನೆ. ದೂರದಲ್ಲಿ ರನ್‌ವೇ ದೀಪ ಕಂಡದ್ದೇ ತಡ, ಕೈ ಥ್ರಾಟಲ್ (ಎಂಜಿನ್ ಶಕ್ತಿ ಹೆಚ್ಚು-ಕಡಿಮೆ ಮಾಡುವ ಲಿವರ್) ಹಿಂದಕ್ಕೆ ಎಳೆಯುತ್ತದೆ. ದೀಪವೇನೋ ಕಂಡಿತು, ಸರಿ. ನಡುವೆ ಏನಿದೆ ಅಂತ ಕಂಡಿತಾ? ಗುಡ್ಡಕ್ಕೆ ಯಾರೂ ದೀಪ ಹಚ್ಚಿಡಲ್ಲ ಅಲ್ವಾ?

ಹೊರಡುವ ಮೊದಲೇ ಚಾರ್ಟ್ ಹರಡಿಕೊಂಡು ಒಂದು ಕನಿಷ್ಠ ಎತ್ತರ ಬರೆದಿಟ್ಟುಕೊಳ್ಳಿ. ದಾರಿಯ ಆಚೀಚೆ 8 ಕಿ.ಮೀ. ಒಳಗಿನ ಅತಿ ಎತ್ತರದ ಗುಡ್ಡ ಅಥವಾ ಟವರ್‌ಗಿಂತ 1,000 ಅಡಿ ಮೇಲೆ, ಬೆಟ್ಟದ ಸೀಮೆಯಾದರೆ 2,000 ಅಡಿ. ನಿಮ್ಮ ದೇಶದ ನಿಯಮ ಇದಕ್ಕಿಂತ ಬಿಗಿಯಾಗಿದ್ದರೆ ಅದೇ ಲೆಕ್ಕ. ಏರ್‌ಫೀಲ್ಡ್ ಮೇಲೆ ಬರುವ ತನಕ ಆ ಎತ್ತರಕ್ಕಿಂತ ಕೆಳಗೆ ಹೋಗುವಂತಿಲ್ಲ.

ಈಗ 5,500 ಅಡಿಯಲ್ಲಿದ್ದೀರಿ ಅಂದುಕೊಳ್ಳಿ. ಗುಡ್ಡ 2,200, ಹಾಗಾದರೆ ನಿಮ್ಮ ಮಿತಿ 3,200. ಇಳಿಯಬೇಕಾದದ್ದು 2,300 ಅಡಿ. ನಿಮಿಷಕ್ಕೆ 500 ಅಡಿಯಂತೆ ಐದು ನಿಮಿಷಕ್ಕೆ ಸ್ವಲ್ಪ ಕಡಿಮೆ. 120 ನಾಟ್ (ಗಂಟೆಗೆ 120 ನಾಟಿಕಲ್ ಮೈಲಿ) ವೇಗದಲ್ಲಿ ಏರ್‌ಫೀಲ್ಡ್‌ಗೆ ಸುಮಾರು 10 ನಾಟಿಕಲ್ ಮೈಲಿ ಇರುವಾಗ ಶುರು ಮಾಡಿದರೆ ಸಾಕು. ನನ್ನ ಪಕ್ಕ ಕೂತವರು ಆ 3,200 ಅನ್ನು ಬಾಯಿಬಿಟ್ಟು ಹೇಳದೆ ಥ್ರಾಟಲ್ ಮುಟ್ಟುವಂತಿಲ್ಲ. ಆಲ್ಟಿಮೀಟರ್‌ಗೆ (ಎತ್ತರ ತೋರಿಸುವ ಮಾಪಕ) ಹೊಸ ಕ್ಯೂಎನ್‌ಎಚ್, ಅಂದರೆ ಸಮುದ್ರಮಟ್ಟಕ್ಕೆ ಲೆಕ್ಕ ಹಾಕಿದ ಅಲ್ಲಿನ ಗಾಳಿಯ ಒತ್ತಡ, ಕೊಟ್ಟಿರಬೇಕು. ಒತ್ತಡ ಒಂದು ಹೆಕ್ಟೊಪ್ಯಾಸ್ಕಲ್ ತಪ್ಪಿದರೂ ಸುಮಾರು 30 ಅಡಿ ವ್ಯತ್ಯಾಸ.

ಇಳಿಯುವಾಗ ಮುಂದಿನ ದೀಪಗಳ ಮೇಲೆ ಕಣ್ಣಿರಲಿ. ನಿಮ್ಮ ಕಡೆಯ ದೀಪಗಳು ಕೆಳಗಿನಿಂದ ಒಂದೊಂದೇ ಮಾಯವಾದರೆ ಏನೋ ಅಡ್ಡ ಬರುತ್ತಿದೆ ಅಂತ ಅರ್ಥ. ಯೋಚನೆ ಮಾಡುತ್ತ ಕೂರಬೇಡಿ, ತಕ್ಷಣ ಮೇಲೇರಿ. ದೀಪದ ಸುತ್ತ ಮಬ್ಬು ಬೆಳಕಿನ ಬಳೆ ಕಂಡರೆ ಮಂಜು ಇದೆ. ಆಗಲೂ ಇಳಿಕೆ ನಿಲ್ಲಿಸಿ.

ಕೊನೆಯ ಹಂತವೇ ಎಲ್ಲಕ್ಕಿಂತ ಮೋಸದ್ದು. ಸುತ್ತ ಕಗ್ಗತ್ತಲು, ಎದುರಿಗೆ ರನ್‌ವೇ ದೀಪ ಮಾತ್ರ. ಇದನ್ನೇ ಬ್ಲ್ಯಾಕ್ ಹೋಲ್ ಅನ್ನುವುದು. ಕಣ್ಣಿಗೆ ಅಳತೆಗೆ ಬೇರೇನೂ ಸಿಗದೆ, ಜಾಸ್ತಿ ಎತ್ತರದಲ್ಲಿದ್ದೇವೆ ಅನ್ನಿಸುತ್ತದೆ. ಮೂಗು ತಗ್ಗಿಸುತ್ತೀರಿ, ರನ್‌ವೇಗೆ ಮೊದಲೇ ನೆಲ ಸಿಗುತ್ತದೆ. ಅದಕ್ಕೇ ದೂರದಿಂದ ನೇರ ಫೈನಲ್‌ಗೆ (ರನ್‌ವೇಗೆ ಎದುರಾಗಿ ಇಳಿಯುವ ಕೊನೆಯ ದಾರಿ) ಬರುವುದು ನನಗೆ ಇಷ್ಟವಿಲ್ಲ. ಏರ್‌ಫೀಲ್ಡ್ ಮೇಲೆ ಬನ್ನಿ, ಅಲ್ಲೇ ಸುತ್ತುತ್ತಾ ಇಳಿದು ಸರ್ಕ್ಯೂಟ್ (ರನ್‌ವೇ ಸುತ್ತ ಹಾರುವ ನಿಗದಿತ ದಾರಿ) ಸೇರಿ. ನಾಲ್ಕು ನಿಮಿಷ ಜಾಸ್ತಿ ಹಿಡಿಯಬಹುದು, ಹಿಡಿಯಲಿ.

ಫೈನಲ್‌ನಲ್ಲಿ ಪಾಪಿ (PAPI) ದೀಪ ನಂಬಿ. ಇಳಿಯುವ ಕೋನ ಸರಿಯಿದೆಯಾ ಅಂತ ತೋರಿಸುವ, ರನ್‌ವೇ ಪಕ್ಕದ ನಾಲ್ಕು ದೀಪಗಳ ಸಾಲು ಅದು: ಎರಡು ಬಿಳಿ, ಎರಡು ಕೆಂಪು ಕಂಡರೆ ಸರಿ. ನಾಲ್ಕೂ ಕೆಂಪಾದರೆ ತೀರಾ ಕೆಳಗಿದ್ದೀರಿ: ಗೋ-ಅರೌಂಡ್ (ಇಳಿಯದೆ ಮತ್ತೆ ಮೇಲೇರುವುದು), ಚರ್ಚೆಯಿಲ್ಲ. ಆದರೆ ಅದು ದೂರದಿಂದಲೇ ಕಾಣುತ್ತದೆ ಅಂತ ಅಲ್ಲಿಂದಲೇ ಹಿಂಬಾಲಿಸಬೇಡಿ. ಕೆಲವೇ ಮೈಲಿಯಾಚೆ ಅಡೆತಡೆ ಇಲ್ಲ ಅನ್ನುವ ಖಾತ್ರಿ ಅದು ಕೊಡಲ್ಲ.

ಪಾಪಿ ಇಲ್ಲದ ಕಡೆ ನಾಟಿಕಲ್ ಮೈಲಿಗೆ 300 ಅಡಿ ಲೆಕ್ಕ ಹಿಡಿಯಿರಿ. ಜಿಪಿಎಸ್ ಪ್ರಕಾರ ರನ್‌ವೇ ತುದಿಗೆ ಎರಡು ನಾಟಿಕಲ್ ಮೈಲಿ ಇದ್ದಾಗ ರನ್‌ವೇ ಮಟ್ಟದಿಂದ 600 ಅಡಿ ಮೇಲಿರಬೇಕು. 400 ಅಷ್ಟೇ ಇದ್ದರೆ ಕಣ್ಣು ಏನೇ ಹೇಳಲಿ, ಪವರ್ ಕೊಟ್ಟು ಮೇಲೇರಿ.