ಡಿಸೆಂಬರ್‌ಗೆ ಗೋಕರ್ಣದಲ್ಲಿ ಮನೆ ಬೇಕಾ? ಚೌತಿಗೇ ಹುಡುಕಿ

ಡಿಸೆಂಬರ್ ಕೊನೆಯ ವಾರ. ಗೋಕರ್ಣದ ಪಕ್ಕದಲ್ಲಿ 20 ಜನಕ್ಕೆ ಒಂದೇ ಮನೆ, ಮೂರು ರಾತ್ರಿ. ಬಾಡಿಗೆ, ಅಡುಗೆ, ಕ್ಲೀನಿಂಗ್ ಎಲ್ಲ ಸೇರಿ ಹೆಚ್ಚುಕಮ್ಮಿ 30,000 ರೂಪಾಯಿ. ಈ ಲೆಕ್ಕ ಹೇಳಿದಾಗ ನಮ್ಮ ಭಾವ "ಯಾವ ಇಸವಿಯ ರೇಟು ಮಾರಾಯಾ ಅದು?" ಎಂದು ನಕ್ಕಿದ್ದರು. ಹೋದ ವರ್ಷ ಅದೇ ಮನೆಯ ಜಗುಲಿಯಲ್ಲಿ ಕೂತು ಎರಡೆರಡು ಸಲ ತಂಬುಳಿ ಹಾಕಿಸಿಕೊಂಡು ಉಂಡರು. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಆ್ಯಪ್‌ನಲ್ಲಿ ಹುಡುಕುವುದು, ರಿವ್ಯೂ ಓದುವುದೆಲ್ಲ ನಿಮಗೆ ಗೊತ್ತೇ ಇದೆ, ಅದನ್ನು ಬಿಡುತ್ತೇನೆ. ನಾವೂ ಮೊದಲು ಹಾಗೇ ಮಾಡುತ್ತಿದ್ದೆವು. ಬೆಂಗಳೂರಿನಿಂದ ಬರುವವರು, ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಹೋಗುವ ನಾವು, ಎಲ್ಲ ಸೇರಿ ಆರು ರೂಮು ಬೇಕು. ಹೊಸ ವರ್ಷದ ಹೊತ್ತಿಗೆ ಕುಡ್ಲೆ ಬೀಚ್ ಕಡೆ ಒಂದು ರೂಮಿಗೆ ದಿನಕ್ಕೆ 6,000ಕ್ಕಿಂತ ಕಮ್ಮಿ ಯಾರೂ ಹೇಳಲಿಲ್ಲ. ಊಟ ಬಿಟ್ಟೇ ಲಕ್ಷ ದಾಟಿತು. ಒಂದು ವರ್ಷವಂತೂ ಹೊರಡಲು ವಾರ ಇದೆ ಎನ್ನುವಾಗ ಬುಕಿಂಗ್ ಕ್ಯಾನ್ಸಲ್ ಆಯಿತು. ಅದೇ ರೂಮು ಮರುದಿನ ಒಂದೂವರೆ ಪಟ್ಟು ರೇಟಿಗೆ ಕಾಣಿಸಿತು! ನಮ್ಮ ದುಡ್ಡು ವಾಪಸು ಬಂದದ್ದು ಸಂಕ್ರಾಂತಿ ಕಳೆದ ಮೇಲೆ.

ಆಮೇಲೆ ಚಿಕ್ಕಪ್ಪನ ಮಗ ವಾಟ್ಸಪ್‌ನಲ್ಲಿ ಒಂದು 'ಬೀಚ್ ವಿಲ್ಲಾ' ಹಿಡಿದ. 10,000 ಅಡ್ವಾನ್ಸ್ ಕಳಿಸಿ ನನಗೆ ಫೋಟೋ ತೋರಿಸಿದ. ಸಮುದ್ರದ ಮೇಲೆ ಸೂರ್ಯ, ಕೆಳಗೆ 'ಬೆಳಗಿನ ಸೂರ್ಯೋದಯ' ಎಂದು ಬರಹ. ನಮ್ಮ ಕರಾವಳಿಯಲ್ಲಿ ಸೂರ್ಯ ಸಮುದ್ರದಿಂದ ಯಾವಾಗ ಹುಟ್ಟಿದ, ಅಲ್ವಾ? ಆ ನಂಬರ್ ಸಂಜೆಗೇ ಸ್ವಿಚ್ ಆಫ್.

ಕುಮಟಾದಲ್ಲಿ ಉಳಿದು ಓಡಾಡುವುದನ್ನೂ ನೋಡಿದೆವು. ರೂಮು ಅಗ್ಗ, ಆದರೆ ಅರ್ಧ ದಿನ ಟೆಂಪೋದಲ್ಲೇ ಹೋಗುತ್ತದೆ. ಅಘನಾಶಿನಿ ಊರಿನಲ್ಲಿ ಉಳಿದು ಬಾರ್ಜ್‌ನಲ್ಲಿ ತದಡಿಗೆ ದಾಟುವುದು ನನ್ನ ಐಡಿಯಾ. ಹೊಳೆ ದಾಟುವುದು ಮಕ್ಕಳಿಗೆ ಭಾರಿ ಖುಷಿ. ಆದರೆ ಟೆಂಪೋ ಮಾತ್ರ ಮಿರ್ಜಾನ್ ಕಡೆಯಿಂದ ಸುತ್ತಿ ಬರಬೇಕು. ಡೀಸೆಲ್ ಲೆಕ್ಕ ಹಾಕಿ ಅದನ್ನೂ ಬಿಟ್ಟೆವು.

ಕೊನೆಗೆ ಕೈಹಿಡಿದದ್ದು ಬೀಗ ಹಾಕಿದ ಮನೆಗಳು. ತದಡಿ, ಬಂಕಿಕೊಡ್ಲ, ಹನೇಹಳ್ಳಿ ಕಡೆ ಸುಮ್ನೆ ಒಂದು ಸುತ್ತು ಹೊಡೆಯಿರಿ. ಒಳ್ಳೊಳ್ಳೆ ಹಂಚಿನ ಮನೆಗಳಿವೆ, ಮನೆಯವರು ಮುಂಬೈಯಲ್ಲೋ ಬೆಂಗಳೂರಲ್ಲೋ ಇರುತ್ತಾರೆ. ಅವರ ನಂಬರ್ ಯಾರ ಹತ್ತಿರ ಇರುತ್ತದೆ? ಪಕ್ಕದ ಮನೆಯವರು ಕೊಡುವುದಿಲ್ಲ, ಎಷ್ಟೋ ಕಡೆ ಬೇಲಿ ಜಗಳ ಇರುತ್ತದೆ. ಕೇಳಬೇಕಾದದ್ದು ತೆಂಗಿನಕಾಯಿ ಕೊಯ್ಯುವವರನ್ನು. ಮನೆಗೆ ಬೀಗ ಬಿದ್ದರೂ ಕಾಯಿ ಕೊಯ್ಯುವುದು ನಿಲ್ಲುವುದಿಲ್ಲ. ಎಷ್ಟು ಕಾಯಿ ಬಿತ್ತು, ಎಷ್ಟಕ್ಕೆ ಹೋಯಿತು ಅಂತ ಯಜಮಾನರಿಗೆ ಫೋನ್ ಮಾಡುವವರು ಅವರೇ. ಯಾವ ಮನೆಯ ಮಾಡು ಸೋರುತ್ತದೆ, ಯಾವ ಬಾವಿಯ ನೀರು ಉಪ್ಪಾಗುತ್ತದೆ, ಎಲ್ಲ ಬಾಯಲ್ಲೇ ಇರುತ್ತದೆ.

ನಂಬರ್ ಸಿಕ್ಕ ತಕ್ಷಣ ಫೋನ್ ಮಾಡಬೇಡಿ. ಚೌತಿಯವರೆಗೆ ಕಾಯಿರಿ. ಎಲ್ಲಿದ್ದರೂ ಚೌತಿಗೆ ಊರಿಗೆ ಬಂದೇ ಬರುತ್ತಾರೆ. ಮನೆ ತೆರೆದಿರುತ್ತದೆ, ಪಂಪು ಓಡುತ್ತಿರುತ್ತದೆ, ಮಳೆ ಇನ್ನೂ ಇರುವುದರಿಂದ ಮಾಡು ಸೋರಿದರೆ ಕಣ್ಣಿಗೇ ಕಾಣುತ್ತದೆ. ನಾನು ಹೋದಾಗ ಆ ಮನೆಯ ಅಮ್ಮ ಕೇಳಿದ ಮೊದಲ ಮಾತು, "ಶಿರಸಿ ಹತ್ರ ಯಾವೂರಾತು? ಯಾರ ಪೈಕಿ?" ಕಾಲು ಗಂಟೆ ಅದೇ ನಡೆಯಿತು. ಅವರ ಅತ್ತಿಗೆಯ ತವರು ನಮ್ಮೂರಿನ ಪಕ್ಕ ಎಂದು ಗೊತ್ತಾದ ಮೇಲೆ ಬಚ್ಚಲು ತೋರಿಸಿದರು. ಮೊದಲ ಭೇಟಿಯಲ್ಲಿ ದುಡ್ಡಿನ ಮಾತು ಎತ್ತಲೇಬಾರದು. ಎರಡನೇ ಸಲ ಹೇಗೆ ಎತ್ತಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹತ್ತಿರವೇ ಇರಲಿ. ಮೂರು ರಾತ್ರಿಗೆ 15,000ಕ್ಕೆ ಒಪ್ಪಿದರು.

ಇದಕ್ಕೂ ಹಿಂದಿನ ವರ್ಷ ಇದೇ ದಾರಿಯಲ್ಲಿ ಹಿಡಿದ ಮನೆ ಗಜನಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯ ಪಕ್ಕದಲ್ಲಿತ್ತು. ಸಂಜೆಯಾದರೆ ಸೊಳ್ಳೆ, ಇಳಿತದ ಹೊತ್ತಿಗೆ ಕೆಸರಿನ ವಾಸನೆ. ಬಚ್ಚಲು ಒಂದೇ, ಅದೂ ಹಿತ್ತಲಲ್ಲಿ. ಚೌತಿಯಲ್ಲಿ ಕುಡಿದಾಗ ಸಿಹಿಯಾಗಿದ್ದ ನೀರು ಡಿಸೆಂಬರ್‌ನಲ್ಲಿ ಬಾಯಿಗಿಡುವ ಹಾಗಿರಲಿಲ್ಲ. ಮಳೆಗಾಲದಲ್ಲಿ ಎಲ್ಲ ಬಾವಿಯೂ ಸಿಹಿಯೇ. ಈಗ ನಾನು ಏಪ್ರಿಲ್‌ನಲ್ಲಿ ಆ ಕಡೆ ಹೋದಾಗ ಕಿಸೆಯಲ್ಲಿ ಸಣ್ಣ ಸೋಪಿನ ತುಂಡು ಇಟ್ಟುಕೊಂಡಿರುತ್ತೇನೆ. ಬಾವಿ ನೀರಲ್ಲಿ ಕೈ ತೊಳೆಯುವುದು, ನೊರೆ ಸರಿಯಾಗಿ ಬರದಿದ್ದರೆ ಆ ಮನೆ ಬೇಡ. ಏಪ್ರಿಲ್‌ನಲ್ಲಿ ಪಾಸಾದ ಬಾವಿ ಡಿಸೆಂಬರ್‌ನಲ್ಲಿ ಕೈಕೊಟ್ಟಿಲ್ಲ.

ಪಂಪಿನ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಚೌತಿ ಮುಗಿಸಿ ಮನೆಯವರು ಹೋದ ಮೇಲೆ ಮೂರು ನಾಲ್ಕು ತಿಂಗಳು ಅದನ್ನು ಯಾರೂ ಮುಟ್ಟಿರುವುದಿಲ್ಲ. ಬಾವಿಯೊಳಗೆ ಪೈಪಿನ ತುದಿಯಲ್ಲಿರುವ ಫುಟ್‌ವಾಲ್ವ್ ಸೋರಿ ಪೈಪಿನ ನೀರೆಲ್ಲ ಬಾವಿಗಿಳಿದಿರುತ್ತದೆ. ಸ್ವಿಚ್ ಹಾಕಿದರೆ ಗುಂಯ್ ಎನ್ನುತ್ತದೆ, ನೀರು ಮಾತ್ರ ಬರುವುದಿಲ್ಲ. ಮೇಲಿನ ಬಿರಡೆ ಬಿಚ್ಚಿ, ಕೊಡದಲ್ಲಿ ನೀರು ಸೇದಿ, ಗುಳ್ಳೆ ನಿಲ್ಲುವವರೆಗೆ ಹೊಯ್ಯಬೇಕು. ಒಂದು ವಾಷರ್, ಟೆಫ್ಲಾನ್ ಟೇಪ್, ಪೈಪ್ ರೆಂಚ್ ಒಯ್ಯಿರಿ. ನಾವು ಒಂದು ದಿನ ಮೊದಲೇ ಇಬ್ಬರು ಹೋಗಿ ಈ ಕೆಲಸ ಮುಗಿಸುತ್ತೇವೆ. ಆಗಲೇ ಅಕ್ಕಪಕ್ಕದ ಇಬ್ಬರು ಹೆಂಗಸರನ್ನು ಕರೆದು ಜೇಡರ ಬಲೆ ತೆಗೆಸಿ ನೆಲ ಒರೆಸುವುದು, ತಲೆಗೆ 700 ಕೊಟ್ಟ ನೆನಪು. ಅಡುಗೆಯವರಿಗೆ 6,000, ಉಳಿದದ್ದು ಸಾಮಾನು, ಗ್ಯಾಸು, ಹಾಲು. ಗೀಸರ್ ಇಲ್ಲ. ಹಂಡೆಗೆ ತೆಂಗಿನ ಮಟ್ಟೆ ಉರಿ ಹಾಕಿದರೆ 20 ಜನರ ಸ್ನಾನ ಆರಾಮಾಗಿ ಆಗುತ್ತದೆ.

ಓಂ ಬೀಚಿಗೆ ಬೆಳಿಗ್ಗೆ ಏಳಕ್ಕೆಲ್ಲ ಹೋಗಿಬಿಡಿ. ಹತ್ತರ ಮೇಲೆ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ.

ಶಿವರಾತ್ರಿಗೆ ಈ ಉಪಾಯ ನಡೆಯಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ರಥೋತ್ಸವಕ್ಕೆ ಮನೆಯವರ ನೆಂಟರೇ ತುಂಬಿರುತ್ತಾರೆ, ಕೇಳಿದರೆ ನಮಗೇ ಮುಜುಗರ. ಆ ಹೊತ್ತಿಗೆ ಗೋಕರ್ಣದಲ್ಲಿ ಪರಿಚಯದ ಭಟ್ಟರ ಮನೆಯೇ ಗತಿ.

ಈಗ ಭಾವನ ಆಫೀಸಿನವರಿಗೂ ಒಂದು ಮನೆ ಬೇಕಂತೆ. ಆಗುವುದಿಲ್ಲ ಎಂದೆ. ಹಿತ್ತಲಲ್ಲಿ ಒಂದು ಬಿಯರ್ ಬಾಟಲಿ ಸಿಕ್ಕಿದರೂ ಕಾಯಿ ಕೊಯ್ಯುವವರ ಫೋನ್ ಅದೇ ದಿನ ಮುಂಬೈಗೆ ಹೋಗುತ್ತದೆ. ಬರುವ ಡಿಸೆಂಬರ್‌ಗೆ ನಾವೇ ಆ ಮನೆ ಹೇಳಿಟ್ಟಾಗಿದೆ.