ವೇದಿಕೆಯ ಮೇಲೆ ಆಂಪ್ ಇಲ್ಲದೆ ಮೆಟಲ್: ಡಿಜಿಟಲ್ ಮಾಡೆಲರ್ ಆರಿಸಿದ ನನ್ನ ಅನುಭವ

ಹಾಸನ, ಚಿಕ್ಕಮಗಳೂರಿನ ವೇದಿಕೆಗಳಲ್ಲಿ ಹೆವಿ ಮೆಟಲ್ ನುಡಿಸುವವರು ಡಿಜಿಟಲ್ ಮಾಡೆಲರನ್ನು (ಗಿಟಾರ್ ಆಂಪ್‌ನ ನಾದವನ್ನು ಡಿಜಿಟಲ್ ಆಗಿ ಅನುಕರಿಸುವ ಪೆಟ್ಟಿಗೆಯನ್ನು) ಹೆಡ್‌ಫೋನಿನಲ್ಲಿ ಕೇಳಿ ಆರಿಸಬಾರದು, ಶಾಮಿಯಾನದ ಜೊತೆ ಬರುವ ಸ್ಪೀಕರಿನ ಮುಂದೆ ನಿಂತು ಆರಿಸಬೇಕು ಎಂದು ನಾನು ಹೇಳುತ್ತ ಬಂದು ಎರಡು ವರ್ಷವಾದರೂ ಆಗಿರಬೇಕು. ಆಗ ಕೇಳಿದವರಿಗಿಂತ ನಕ್ಕವರೇ ಹೆಚ್ಚು. ಚಿಕ್ಕಮಗಳೂರಿನ ಹಿರಿಯ ಗಿಟಾರ್ ವಾದಕರೊಬ್ಬರು, "ಡಿಜಿಟಲ್‌ನಲ್ಲಿ ಮೆಟಲ್ ಅಂದ್ರೆ ಸೊಳ್ಳೆ ಗುಂಯ್ ಅಂದ ಹಾಗೆ ಕಣೋ" ಎಂದು ಎಲ್ಲರೆದುರೇ ಹೇಳಿದ್ದರು. ಕಳೆದ ಗಣೇಶೋತ್ಸವದ ಕಾರ್ಯಕ್ರಮಗಳ ನಂತರ ಆ ಮಾತು ಅವರ ಬಾಯಿಂದ ಬಂದಿಲ್ಲವಾದ್ದರಿಂದ, ನಾನು ಮಾಡಿದ್ದನ್ನು ಬರೆದಿಡಲು ಇದೇ ಸರಿಯಾದ ಸಮಯವೆನಿಸಿತು.

ಮೊದಲು ನನ್ನ ಬಳಿ ಇದ್ದದ್ದು ನೂರು ವಾಟ್‌ನ ಟ್ಯೂಬ್ ಹೆಡ್ (ಗಾಜಿನ ಟ್ಯೂಬುಗಳಿಂದ ನಡೆಯುವ, ಸ್ಪೀಕರ್ ಇಲ್ಲದ ಆಂಪ್) ಮತ್ತು ನಾಲ್ಕು ಹನ್ನೆರಡಿಂಚಿನ ಸ್ಪೀಕರುಗಳ ಕ್ಯಾಬಿನೆಟ್. ಸೆಕೆಂಡ್ ಹ್ಯಾಂಡ್ ಆಗಿಯೇ ಎರಡಕ್ಕೂ ಸೇರಿ ಒಂದು ಲಕ್ಷದ ಮೇಲೆ ಬಿದ್ದಿತ್ತು. ಅದರ ನಾದದ ಬಗ್ಗೆ ನನಗೆ ಇಂದಿಗೂ ತಕರಾರಿಲ್ಲ, ತಕರಾರಿರುವುದು ಅದನ್ನು ಹೊರುವ ಮತ್ತು ಸಾಕುವ ಖರ್ಚಿನ ಬಗ್ಗೆ. ಬೇಲೂರಿನ ಮೇಲೆ ಚಿಕ್ಕಮಗಳೂರಿಗೆ ಅರವತ್ತು ಕಿಲೋಮೀಟರ್ ಚಿಲ್ಲರೆ ದೂರಕ್ಕೆ ಗಾಡಿ ಬಾಡಿಗೆ ಎರಡೂವರೆ ಸಾವಿರ, ಕುಲುಕಾಟಕ್ಕೆ ಸಡಿಲವಾದ ಪವರ್ ಟ್ಯೂಬುಗಳ ಹೊಸ ಸೆಟ್ಟಿಗೆ ಒಂಬತ್ತು ಸಾವಿರದ ಆಸುಪಾಸು. ಇಡೀ ಬ್ಯಾಂಡಿಗೆ ಸಿಗುತ್ತಿದ್ದ ಸಂಭಾವನೆ ಹತ್ತು ಸಾವಿರವಾದರೆ ಅದೇ ದೊಡ್ಡದು. ಇದೆಲ್ಲಕ್ಕಿಂತ ಕಾಡಿದ್ದು ಕರೆಂಟು. ಜಾತ್ರೆಯ ಕಂಬದಿಂದ ಎಳೆದ ಲೈನಿನಲ್ಲಿ 230 ಇರಬೇಕಾದ ವೋಲ್ಟೇಜು ದೀಪಾಲಂಕಾರ ಹೊತ್ತಿಕೊಂಡ ಕೂಡಲೇ 190ಕ್ಕೆ ಇಳಿಯುತ್ತಿತ್ತು, 6.3 ವೋಲ್ಟ್ ಬೇಕಾದ ಟ್ಯೂಬಿನ ಹೀಟರಿಗೆ ಐದರ ಸುತ್ತಮುತ್ತ ಸಿಕ್ಕಿದರೆ ಪಾಮ್ ಮ್ಯೂಟ್‌ಗೆ (ಅಂಗೈಯಿಂದ ತಂತಿ ಅದುಮಿ ನುಡಿಸುವುದಕ್ಕೆ) ಇರಬೇಕಾದ ಪೆಟ್ಟು ಎಲ್ಲಿಂದ ಬರಬೇಕು?

ಡಿಜಿಟಲ್ ಕಡೆಗೆ ತಿರುಗಿದಾಗ ಮೊದಲು ತಂದದ್ದು ಆಂಪ್, ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಒಂದು ಅಗ್ಗದ ಕಾಂಬೊ. ಮನೆಯಲ್ಲಿ ಅದು ಗುಡುಗುತ್ತಿತ್ತು, ಡ್ರಮ್ಸ್ ಆರಂಭವಾದೊಡನೆ ಸಿಂಬಲ್ಲುಗಳ ನಡುವೆ ಒಂದು ಸಿಳ್ಳಿನಂತಹ ಕರಕರ ಮಾತ್ರ ಉಳಿಯುತ್ತಿತ್ತು. ಪ್ರೀಸೆಟ್ (ಉಳಿಸಿಟ್ಟ ನಾದದ ಜೋಡಣೆ) ಬದಲಿಸಿದಾಗಲೆಲ್ಲ ಕ್ಷಣಕಾಲ ನಾದ ಕಡಿದುಹೋಗುತ್ತಿದ್ದುದರಿಂದ ರಿಫ್‌ನಿಂದ ಸೋಲೋಗೆ ಹಾರುವಾಗ ಮೊದಲ ಸ್ವರವೇ ಮಾಯವಾಗುತ್ತಿತ್ತು. ಕೊಂಡ ಬೆಲೆಯ ಅರ್ಧಕ್ಕಿಂತ ತುಸು ಹೆಚ್ಚಿಗೆ ಅದನ್ನು ಮಾರಿದೆ. ಆಮೇಲೆ ಬೆಂಗಳೂರಿನ ಗೆಳೆಯರಿಂದ ಎರವಲು ತಂದ ದುಬಾರಿ ಪ್ರೊಫೈಲರಿನ (ನಿಜವಾದ ಆಂಪ್‌ನ ನಾದವನ್ನು ನಕಲಿಸಿಕೊಳ್ಳುವ ಯಂತ್ರದ) ನಾದ ನಿಜಕ್ಕೂ ಅಮೋಘವಾಗಿತ್ತು, ಆದರೆ ಒಮ್ಮೆ ಕರೆಂಟು ಕಣ್ಣು ಮಿಟುಕಿಸಿತೆಂದರೆ ಮತ್ತೆ ಎದ್ದು ನಿಲ್ಲಲು ಅದಕ್ಕೆ ಒಂದು ನಿಮಿಷದಷ್ಟು ಹೊತ್ತು ಬೇಕಾಗುತ್ತಿತ್ತು. ಮಲೆನಾಡಿನ ಅಂಚಿನಲ್ಲಿ ನುಡಿಸುವವರಿಗೆ ಆಂಪ್ ಮಾದರಿಗಳ ಸಂಖ್ಯೆಗಿಂತ ಈ ಒಂದು ನಿಮಿಷವೇ ದೊಡ್ಡ ಲೆಕ್ಕ. 2013ರ ಡಿಸೆಂಬರಿನಲ್ಲಿ ಮೆಟಾಲಿಕಾ ತಂಡ ಅಂಟಾರ್ಕ್ಟಿಕಾದಲ್ಲಿ ಡಿಜಿಟಲ್ ಮಾಡೆಲರನ್ನೇ ನಂಬಿ, ವೇದಿಕೆಯಲ್ಲಿ ಆಂಪ್ ಸದ್ದೇ ಇಲ್ಲದೆ, ಕೇಳುಗರಿಗೆ ಹೆಡ್‌ಫೋನ್ ಹಾಕಿಸಿ ನುಡಿಸಿದ್ದನ್ನು ಮೇಲೆ ಹೇಳಿದ ಹಿರಿಯರಿಗೆ ನೆನಪಿಸಿದಾಗ, "ಅವರ ಜನರೇಟರ್ ಬೇರೆ, ನಮ್ಮದು ಬೇರೆ" ಎಂದರು. ಆ ಮಾತಿನಲ್ಲಿ ಹುರುಳಿತ್ತು.

ಕೊನೆಗೆ ಹಾಸನದ ಹೊರಗಿನ ಒಂದು ಸೌಂಡ್ಸ್‌ನವರ ಗೋದಾಮನ್ನು ಅರ್ಧ ದಿನಕ್ಕೆ ಸಾವಿರದೈನೂರು ಕೊಟ್ಟು ಹಿಡಿದು, ಅವರು ಕಾರ್ಯಕ್ರಮಗಳಿಗೆ ಹಾಕುವ ಹದಿನೈದಿಂಚಿನ ಟಾಪ್ (ಮೇಲಿನ ಸ್ಪೀಕರ್) ಮತ್ತು ತಗ್ಗಿನ ಸ್ವರಗಳಿಗೆಂದೇ ಇರುವ ಹದಿನೆಂಟಿಂಚಿನ ಸಬ್‌ಗಳನ್ನೇ ನಿಲ್ಲಿಸಿ, ನಮ್ಮ ಡ್ರಮ್ಮರನ್ನು ಪಕ್ಕದಲ್ಲಿ ಕೂರಿಸಿ, ಎರವಲು ತಂದ ಮೂರು ಮಾಡೆಲರುಗಳನ್ನು ಒಂದಾದ ಮೇಲೊಂದರಂತೆ ಕಾರ್ಯಕ್ರಮದಷ್ಟೇ ಗಟ್ಟಿಯಾಗಿ ನುಡಿಸಿದೆವು. ಡ್ರಾಪ್ ಸಿ ಟ್ಯೂನಿಂಗಿನಲ್ಲಿ (ಅತಿ ತಗ್ಗಿನ ತಂತಿಯನ್ನು ಸಿ ಸ್ವರಕ್ಕೆ ಇಳಿಸಿ) ಒಂದೇ ರಿಫ್, ಒಂದು ದೀರ್ಘ ಕಾರ್ಡ್, ಒಂದು ಲೀಡ್ ತುಣುಕು, ಅಷ್ಟೇ. ಐವತ್ತು ಅಡಿ ದೂರದಲ್ಲಿ ನಿಂತವರಿಗೆ ಯಾವುದರ ಸ್ವರಗಳು ಬಿಡಿಬಿಡಿಯಾಗಿ ಕೇಳುತ್ತವೆ, ಪ್ಲಗ್ ಕಿತ್ತು ಹಾಕಿದರೆ ಯಾವುದು ಬೇಗ ಏಳುತ್ತದೆ, ಕತ್ತಲಲ್ಲಿ ಕಾಲಿನಿಂದ ಯಾವುದನ್ನು ತಪ್ಪಿಲ್ಲದೆ ಒತ್ತಬಹುದು ಎಂಬುದನ್ನು ಮಾತ್ರ ನೋಡಿದೆವು. ಗೆದ್ದದ್ದು ಲೈನ್ 6 ಕಂಪನಿಯ ಎಚ್‌ಎಕ್ಸ್ ಸ್ಟಾಂಪ್. 2018ರಲ್ಲಿ ಬಂದ ಹಳೆಯ ಪೆಟ್ಟಿಗೆಯೇ ಅದು; ಅದಕ್ಕಿಂತ ಹೊಸದು, ದೊಡ್ಡದು ಎಷ್ಟೋ ಇವೆ. ಆದರೂ ಒಂದೇ ಪ್ರೀಸೆಟ್ಟಿನೊಳಗಿನ ಸ್ನ್ಯಾಪ್‌ಶಾಟ್‌ಗಳು ನಾದ ಕಡಿಯದೆ ಬದಲಾಗುತ್ತವೆ ಮತ್ತು ಅದು ಬ್ಯಾಗಿನ ಜೇಬಿನಲ್ಲಿ ಹಿಡಿಯುತ್ತದೆ ಎಂಬ ಎರಡು ಕಾರಣ ನನಗೆ ಸಾಕಾಗಿದ್ದವು.

ಆ ಗೋದಾಮಿನಲ್ಲಿ ತಿಳಿದ ಮುಖ್ಯ ಸಂಗತಿ ಬೇರೆಯೇ ಇದೆ. ನಮ್ಮ ಕಡೆಯ ಸೌಂಡ್ಸ್‌ನವರ ಈಕ್ವಲೈಸರ್ ಆರ್ಕೆಸ್ಟ್ರಾಕ್ಕೂ ಡಿಜೆಗೂ ಹೊಂದಿಕೊಂಡಿರುತ್ತದೆ, ಅಂದರೆ ಬೇಸ್ ಮೇಲೆ, ಟ್ರೆಬಲ್ ಮೇಲೆ, ಮಧ್ಯ ಕೆಳಗೆ. ಮೆಟಲ್‌ನವರೂ ಮನೆಯಲ್ಲಿ ಮಿಡ್ ತೆಗೆದೇ ಪ್ಯಾಚ್ (ಪ್ರೀಸೆಟ್) ಕಟ್ಟುತ್ತಾರೆ. ಎರಡು ಸಲ ಕೊರೆದ ಮೇಲೆ ಗಿಟಾರಿನಲ್ಲಿ ಉಳಿಯುವುದೇನು? ಮೆಲುದನಿಯಲ್ಲಿ ಕಿವಿಗೆ ತಗ್ಗಿನ ಸ್ವರಗಳು ಕಡಿಮೆ ಕೇಳುತ್ತವೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿಕೊಟ್ಟಿದ್ದರೂ ಮಲಗುವ ಕೋಣೆಯಲ್ಲಿ ಬೇಸ್ ಏರಿಸುವ ಚಟ ಯಾರನ್ನೂ ಬಿಟ್ಟಿಲ್ಲ. ನಾನು ಗೋದಾಮಿನಲ್ಲಿಯೇ ಕುಳಿತು ಎಲ್ಲವನ್ನೂ ಮೊದಲಿನಿಂದ ಕಟ್ಟಿದೆ. 5150 ಎಂಬ ಆಂಪ್‌ನ ಡಿಜಿಟಲ್ ಮಾದರಿ, ಅದರ ಮುಂದೆ ಡ್ರೈವ್ ಸೊನ್ನೆ ಮತ್ತು ಲೆವೆಲ್ ಪೂರ್ತಿ ಇಟ್ಟ ಟ್ಯೂಬ್ ಸ್ಕ್ರೀಮರ್ ಮಾದರಿಯ ಪೆಡಲ್, ಗೇನ್ ಮನೆಯಲ್ಲಿ ಇಡುತ್ತಿದ್ದುದರ ಅರ್ಧಕ್ಕೆ ಹತ್ತಿರ, ಮಿಡ್ ಏಳರ ಮೇಲೆ. ಕೆಳಗೆ ನೂರು ಹರ್ಟ್ಸ್‌ಗೆ, ಮೇಲೆ ಆರೂವರೆ ಸಾವಿರಕ್ಕೆ ಕತ್ತರಿ. ಕೆಳಗಿನ ಸಿ ಸ್ವರವೇ 65 ಹರ್ಟ್ಸ್ ಇರುವಾಗ ಅದನ್ನು ಕತ್ತರಿಸುವುದೇ ಎಂದು ನಮ್ಮ ಬೇಸ್ ವಾದಕ ಹೌಹಾರಿದ. ಆ ಜಾಗ ಅವನದು ಮತ್ತು ಕಿಕ್ ಡ್ರಮ್ಮಿನದು, ನನ್ನ ಸ್ವರವನ್ನು ಕಿವಿ 130ರಿಂದ ಮೇಲಿನ ಅನುಸ್ವರಗಳಲ್ಲಿಯೇ ಗುರುತಿಸುತ್ತದೆ ಎಂದು ನುಡಿಸಿ ತೋರಿಸಿದ ಮೇಲೆ ಸುಮ್ಮನಾದ. ಟಾಪ್‌ನಲ್ಲಿರುವ ಹಾರ್ನಿನ ಕರ್ಕಶ ತೆಗೆಯಲು ಮೂರು ಸಾವಿರದಿಂದ ನಾಲ್ಕು ಸಾವಿರದ ನಡುವೆ ಒಂದು ಕಡೆ ಕಿರಿದಾಗಿ ತಗ್ಗಿಸಿದ್ದೇನೆ. ಅದು ಸರಿಯಾಗಿ ಎಲ್ಲಿ ಎಂಬುದು ನನ್ನಲ್ಲೇ ಇರಲಿ. ಹುಡುಕುವವರಿಗೆ ಸಿಕ್ಕೇ ಸಿಗುತ್ತದೆ.

ಕ್ಯಾಬಿನೆಟ್ ಮಾರುವ ಮುನ್ನ ಅದರ ಐಆರ್ (ಇಂಪಲ್ಸ್ ರೆಸ್ಪಾನ್ಸ್, ಅಂದರೆ ಸ್ಪೀಕರಿನ ನಾದದ ಗುಣವನ್ನು ಹಿಡಿದ ಫೈಲ್) ಹಿಡಿದಿಟ್ಟುಕೊಳ್ಳುವ ಆಸೆಯಾಯಿತು. ಚಿಕ್ಕಮಗಳೂರಿನ ನೆಂಟರ ಕಾಫಿ ಗೋದಾಮಿನಲ್ಲಿ, ಎಸ್‌ಎಂ57 ಮೈಕನ್ನು ಸ್ಪೀಕರಿನ ಕೋನಿಗೆ ಹತ್ತಿರ ನಿಲ್ಲಿಸಿ ಸೈನ್ ಸ್ವೀಪ್ (ತಗ್ಗಿನಿಂದ ಮೇಲಿನವರೆಗೆ ಜಾರುವ ಪರೀಕ್ಷೆಯ ಸ್ವರ) ಹರಿಸಿದರೆ ಮೊದಲು ಬಂದದ್ದು ಡಬ್ಬಿಯೊಳಗಿನ ನಾದ. ಸ್ಟಾಂಪ್ 2048 ಸ್ಯಾಂಪಲ್‌ಗಳ ಐಆರ್ ತೆಗೆದುಕೊಳ್ಳುತ್ತದೆ, ಅಂದರೆ ಸುಮಾರು 43 ಮಿಲಿಸೆಕೆಂಡ್. ದೂರದ ಗೋಡೆಯ ಪ್ರತಿಧ್ವನಿ ಅದರೊಳಗೆ ಬರದಿದ್ದರೂ ನೆಲದಿಂದ ಪುಟಿದು ಬರುವುದು ಖಂಡಿತ ಬರುತ್ತದೆ. ತುಂಬಿದ ಕಾಫಿ ಮೂಟೆಗಳನ್ನು ಕ್ಯಾಬಿನೆಟ್ಟಿನ ಮುಂದೆ ನೆಲಕ್ಕೆ ಹಾಸಿ, ಎರಡು ಬದಿಗೂ ಎದೆಯೆತ್ತರಕ್ಕೆ ಅಟ್ಟಿ ಕಟ್ಟಿದಾಗ ಬಂದ ಫೈಲನ್ನೇ ಇಂದಿಗೂ ಬಳಸುತ್ತಿದ್ದೇನೆ. ಹಣ ಕೊಟ್ಟು ಕೊಂಡ ವಿಂಟೇಜ್ 30 ಸ್ಪೀಕರಿನ ಐಆರ್‌ಗಳು ಇದಕ್ಕಿಂತ ನಯವಾಗಿವೆ ನಿಜ, ಆದರೆ ನಮ್ಮ ಟಾಪ್‌ಗಳಲ್ಲಿ ಆ ನಯ ಕೇಳುವುದಿಲ್ಲ.

ಕರೆಂಟಿನ ತೊಡಕಿಗೆ ನಾನು ಕಂಡುಕೊಂಡ ದಾರಿ ಬ್ಯಾಟರಿ. ಸ್ಟಾಂಪ್‌ಗೆ ಬೇಕಾದದ್ದು ಒಂಬತ್ತು ವೋಲ್ಟ್ ಡಿಸಿ, ನಡುವಿನ ಪಿನ್ನು ನೆಗೆಟಿವ್. ಯುಪಿಎಸ್‌ಗೆ ಹಾಕುವ 12 ವೋಲ್ಟ್, 7 ಆಂಪಿಯರ್ ಅವರ್‌ನ ಸೀಲ್ಡ್ ಬ್ಯಾಟರಿಯ ಮುಂದೆ ವೋಲ್ಟೇಜ್ ಇಳಿಸುವ ಕನ್ವರ್ಟರ್ ಹಾಕಿದರೆ ಮೂರು ತಾಸಿಗೆ ಮೋಸವಿಲ್ಲ. ಕನ್ವರ್ಟರಿನ ಸಣ್ಣ ಸಿಳ್ಳು ಗಿಟಾರಿನಲ್ಲಿ ಸೇರದಂತೆ ನಾನು ಕಟ್ಟಿದ ಫಿಲ್ಟರನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅದಕ್ಕೆ ಎರಡು ಪೂರ್ತಿ ಭಾನುವಾರ ಮತ್ತು ಒಂದು ಸುಟ್ಟ ಕನ್ವರ್ಟರ್ ಖರ್ಚಾಗಿವೆ. ಜನರೇಟರಿಗೆ ಬದಲಾಗುವ ಹೊತ್ತಿನಲ್ಲಿ ಮಿಕ್ಸರ್ ಸತ್ತು ಹುಟ್ಟಿದರೂ ನನ್ನ ಪೆಟ್ಟಿಗೆ ಎಚ್ಚರವಾಗಿಯೇ ಇರುತ್ತದೆ. ನಿರೀಕ್ಷಿಸದೇ ಸಿಕ್ಕ ಲಾಭವೆಂದರೆ, ಮೇನ್ಸ್‌ನ ಸಂಬಂಧವೇ ಕಡಿದುದರಿಂದ ಗ್ರೌಂಡ್ ಲೂಪಿನ (ಎರಡು ಕಡೆ ಅರ್ಥಿಂಗ್ ಆದಾಗ ಬರುವ) ಗುಂಯ್ ಸದ್ದು ಕೂಡ ಹೋಯಿತು.

ಸ್ಟಾಂಪ್‌ನಲ್ಲಿ ಎಕ್ಸ್‌ಎಲ್‌ಆರ್ ಔಟ್ (ಮೈಕಿನ ಕೇಬಲ್ಲಿನ ಮೂರು ಪಿನ್ನಿನ ಕಿಂಡಿ) ಇಲ್ಲ. ಮಿಕ್ಸರಿನವರು ಎಲ್ಲ ಚಾನೆಲ್ಲಿಗೂ 48 ವೋಲ್ಟ್ ಫ್ಯಾಂಟಮ್ (ಮೈಕಿಗೆಂದು ಕೇಬಲ್ಲಿನಲ್ಲೇ ಕಳಿಸುವ ಕರೆಂಟು) ಹಾಕಿಟ್ಟಿರುವುದು ಸಾಮಾನ್ಯವಾದ್ದರಿಂದ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ಸಿಗ್ನಲನ್ನು ಮಿಕ್ಸರಿಗೆ ಹೊಂದಿಸುವ ಡಬ್ಬಿ) ನಡುವೆ ಇರಲೇಬೇಕು. ಎರಡನೆಯ ಔಟ್‌ಪುಟ್ಟನ್ನು ಹನ್ನೆರಡಿಂಚಿನ ಪವರ್ಡ್ ಸ್ಪೀಕರಿಗೆ ಕೊಟ್ಟು, ಅದನ್ನು ಮಾನಿಟರಿನಂತೆ ಮಲಗಿಸಿ ನನ್ನ ಕಡೆಗೇ ತಿರುಗಿಸಿಕೊಳ್ಳುತ್ತೇನೆ. ಹಾಗಾದಾಗಲೇ ತಂತಿಗಳು ಗಾಳಿಯ ಒತ್ತಡಕ್ಕೆ ನಡುಗಿ ಫೀಡ್‌ಬ್ಯಾಕ್ ಹಿಡಿಯುತ್ತವೆ, ಇಲ್ಲದಿದ್ದರೆ ದೀರ್ಘ ಸ್ವರಗಳು ನಿರ್ಜೀವವಾಗುತ್ತವೆ.

ಹೆಡ್ಡನ್ನು ಕೊಡುವ ಮುನ್ನ ಒಂದು ಪರೀಕ್ಷೆಯನ್ನೂ ಮಾಡಿದೆ. ಉಚಿತವಾಗಿ ಸಿಗುವ ನ್ಯೂರಲ್ ಆಂಪ್ ಮಾಡೆಲರ್ ಎಂಬ ತಂತ್ರಾಂಶದಲ್ಲಿ, ಲ್ಯಾಪ್‌ಟಾಪಿನಲ್ಲಿ, ಅದೇ ಹೆಡ್ಡಿನ ಮಾದರಿಯನ್ನು ಹಿಡಿದು, ಹೆಡ್, ಲ್ಯಾಪ್‌ಟಾಪ್, ಸ್ಟಾಂಪ್ ಮೂರನ್ನೂ ಒಂದೇ ಐಆರ್ ಮೂಲಕ ಹಾಯಿಸಿ, ಸದ್ದಿನ ಮಟ್ಟವನ್ನು ಸಮ ಮಾಡಿ, ಚಿಕ್ಕಮಗಳೂರಿನ ಆ ಹಿರಿಯರನ್ನು ಬೆನ್ನು ತಿರುಗಿಸಿ ಕೂರಿಸಿದೆ. ಅವರು ಟ್ಯೂಬ್ ಎಂದು ಬೆರಳು ತೋರಿದ್ದು ಹೆಚ್ಚು ಸಲ ಸ್ಟಾಂಪ್ ಕಡೆಗೇ. ಲ್ಯಾಪ್‌ಟಾಪಿನದು ನನ್ನ ಕಿವಿಗೆ ಮೂಲಕ್ಕೆ ಎಲ್ಲಕ್ಕಿಂತ ಹತ್ತಿರವಿತ್ತು, ಆದರೆ ಅದನ್ನು ವೇದಿಕೆಗೆ ಒಯ್ಯುವ ಧೈರ್ಯ ನನಗಿಲ್ಲ. ಪರೀಕ್ಷೆ ಮುಗಿದ ಮೇಲೆ ಅವರು ಪ್ಯಾಚ್ ಕೇಳಿದರು, ಮೂರು ಸಾವಿರ ಹರ್ಟ್ಸ್ ಮೇಲಿನ ಆ ತಗ್ಗನ್ನು ತೆಗೆದು ಕೊಟ್ಟೆ.

ಸೆಕೆಂಡ್ ಹ್ಯಾಂಡ್ ಸ್ಟಾಂಪ್‌ಗೆ ನಲವತ್ತೈದು ಸಾವಿರ, ಹಳೆಯ ಪವರ್ಡ್ ಸ್ಪೀಕರಿಗೆ ಹದಿನೈದು, ಡಿಐ ಮತ್ತು ಬ್ಯಾಟರಿ ಸಾಮಾನಿಗೆ ಐದು, ಒಟ್ಟು ಅರವತ್ತೈದರ ಆಜುಬಾಜು. ಹೆಡ್ ಮತ್ತು ಕ್ಯಾಬಿನೆಟ್ ಮಾರಿ ಬಂದದ್ದು ಎಂಬತ್ತು. ಅಷ್ಟು ಹಣವಿಲ್ಲದವರು ಇಪ್ಪತ್ತೈದು ಸಾವಿರದೊಳಗಿನ ಯಾವುದೇ ಫ್ಲೋರ್ ಯೂನಿಟ್ (ಕಾಲಿನಿಂದ ಒತ್ತುವ ಮಾಡೆಲರ್) ನೋಡುವುದಾದರೆ ಹೊರಗಿನ ಐಆರ್ ಹಾಕಲು ಬರುತ್ತದೆಯೇ, ಡಿಸಿಯಲ್ಲಿ ನಡೆಯುತ್ತದೆಯೇ ಎಂಬುದನ್ನು ಮೊದಲು ವಿಚಾರಿಸಿ, ಉಳಿದ ಹಣದಲ್ಲಿ ಸೌಂಡ್ಸ್‌ನವರ ಗೋದಾಮನ್ನು ಅರ್ಧ ದಿನಕ್ಕೆ ಹಿಡಿಯಿರಿ. ಶ್ರಾವಣ ಮುಗಿಯುವ ಮುನ್ನ ಕೇಳಿದರೆ ಸಿಗುತ್ತದೆ, ಚೌತಿ ಬಂದರೆ ಅವರ ಬಳಿ ಒಂದು ಡಬ್ಬಿಯೂ ಉಳಿದಿರುವುದಿಲ್ಲ.