ಪರದೆಯಿಂದ ಡೇಟಾಬೇಸ್‌ವರೆಗೆ ಒಂದೇ ಎಳೆ: ವೆಬ್ ಆ್ಯಪ್‌ಗೆ ಅಡಿಪಾಯ ಹಾಕುವುದು ಹೀಗೆ

ಹೊಸ ವೆಬ್ ಆ್ಯಪ್ ಕಟ್ಟಲು ಕೂತವರು ಸಾಮಾನ್ಯವಾಗಿ ಲಾಗಿನ್ ಪುಟಕ್ಕೋ ಬಣ್ಣ, ವಿನ್ಯಾಸಕ್ಕೋ ಮೊದಲು ಕೈಹಾಕುತ್ತಾರೆ. ಅದಕ್ಕೂ ಮುಂಚೆ ಆಗಬೇಕಾದ ಕೆಲಸವೊಂದಿದೆ. ಬ್ರೌಸರ್‌ನಿಂದ ಹೊರಟ ಒಂದು ಕೋರಿಕೆ ಸರ್ವರ್ ಮುಟ್ಟಿ, ಡೇಟಾಬೇಸ್‌ನಿಂದ ಒಂದೇ ಒಂದು ಸಾಲು ತಂದು ಪರದೆಯ ಮೇಲೆ ತೋರಿಸಬೇಕು. ಈ ಎಳೆ ಗಟ್ಟಿಯಾಗಿದ್ದರೆ ಉಳಿದದ್ದನ್ನೆಲ್ಲ ಅದಕ್ಕೇ ಪೋಣಿಸುತ್ತ ಹೋಗಬಹುದು. ಇಲ್ಲಿ ಪರದೆಗೆ ರಿಯಾಕ್ಟ್, ಸರ್ವರ್‌ಗೆ ಎಕ್ಸ್‌ಪ್ರೆಸ್, ಡೇಟಾಬೇಸ್‌ಗೆ ಪೋಸ್ಟ್‌ಗ್ರೆಸ್ ಬಳಸಿದ್ದೇವೆ. ಕಟ್ಟುವುದು ಕೆಳಗಿನಿಂದ ಮೇಲಕ್ಕೆ: ಮೊದಲು ಡೇಟಾಬೇಸ್, ಆಮೇಲೆ ಸರ್ವರ್, ಕೊನೆಗೆ ಪರದೆ. ಹೀಗೆ ಮಾಡಿದರೆ ಎಡವಟ್ಟಾದಾಗ ಈಗಷ್ಟೇ ಸೇರಿಸಿದ ಭಾಗವನ್ನು ಮಾತ್ರ ನೋಡಿದರೆ ಸಾಕು.

ಫೋಲ್ಡರ್ ಮತ್ತು ಗಿಟ್

ಬ್ರೌಸರ್‌ನ ಹೊರಗೂ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವ) ಆವೃತ್ತಿ ಹಾಕಿಕೊಳ್ಳಿ. ಒಂದು ಫೋಲ್ಡರ್ ಮಾಡಿ, ಅದರೊಳಗೆ ‘ಕ್ಲೈಂಟ್’, ‘ಸರ್ವರ್’ ಎಂಬ ಎರಡು ಫೋಲ್ಡರ್ ಇಡಿ. ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್‌ನಲ್ಲಿ ಮೊದಲ ಕಮಿಟ್‌ಗೂ (ದಾಖಲೆಗೂ) ಮುಂಚೆಯೇ, ಯಾವುದನ್ನು ದಾಖಲಿಸಬಾರದು ಎಂದು ಹೇಳುವ ‘.ಗಿಟ್‌ಇಗ್ನೋರ್’ ಬರೆದು ಅದರಲ್ಲಿ ನೋಡ್ ಮಾಡ್ಯೂಲ್ಸ್ (ಇಳಿಸಿಕೊಂಡ ಪ್ಯಾಕೇಜ್‌ಗಳು), ಡಿಸ್ಟ್ (ಬಿಲ್ಡ್ ಮಾಡಿದ ಫೈಲ್‌ಗಳು), ‘.ಎನ್ವ್’ (ಪಾಸ್‌ವರ್ಡ್‌ನಂಥ ಮೌಲ್ಯಗಳು) ಮೂರನ್ನೂ ಸೇರಿಸಿ. ಪಾಸ್‌ವರ್ಡ್ ಇರುವ ಫೈಲ್ ಒಮ್ಮೆ ಕಮಿಟ್ ಆಯಿತೆಂದರೆ, ಆಮೇಲೆ ಅಳಿಸಿದರೂ ಹಳೆಯ ಇತಿಹಾಸದಲ್ಲಿ ಉಳಿದೇ ಇರುತ್ತದೆ. ಆಗ ಪಾಸ್‌ವರ್ಡನ್ನೇ ಬದಲಿಸಬೇಕು. ಯಾವ ಪ್ಯಾಕೇಜ್‌ನ ಯಾವ ಆವೃತ್ತಿ ಎಂದು ಬರೆದಿಡುವ ಪ್ಯಾಕೇಜ್ ಲಾಕ್ ಫೈಲನ್ನು ಮಾತ್ರ ತಪ್ಪದೆ ಕಮಿಟ್ ಮಾಡಿ.

ಡೇಟಾಬೇಸ್

ಪೋಸ್ಟ್‌ಗ್ರೆಸ್ಸನ್ನು ಡಾಕರ್ ಕಂಪೋಸ್ ಮೂಲಕ, ಅಂದರೆ ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ, ಓಡಿಸುವುದು ಅನುಕೂಲ. ಇಮೇಜ್‌ಗೆ (ಕಂಟೇನರ್‌ನ ಅಚ್ಚಿಗೆ) ‘ಲೇಟೆಸ್ಟ್’ ಎಂದು ಕೊಡದೆ 16 ಎಂದೋ 17 ಎಂದೋ ಸಂಖ್ಯೆ ಕೊಡಿ. ಒಂದು ಮುಖ್ಯ ಆವೃತ್ತಿ ಬರೆದ ಡೇಟಾ ಫೋಲ್ಡರನ್ನು ಮುಂದಿನ ಮುಖ್ಯ ಆವೃತ್ತಿ ನೇರವಾಗಿ ತೆರೆಯುವುದಿಲ್ಲ. ‘ಲೇಟೆಸ್ಟ್’ ಎಂದಿದ್ದರೆ, ಹೊಸ ಆವೃತ್ತಿ ಇಳಿದ ಒಂದು ದಿನ ಇದ್ದಕ್ಕಿದ್ದಂತೆ ಡೇಟಾಬೇಸ್ ಏಳದೇ ಹೋಗುತ್ತದೆ. ಕಂಟೇನರ್ ಅಳಿಸಿದರೂ ಡೇಟಾ ಉಳಿಯಲು ಒಂದು ವಾಲ್ಯೂಮ್ (ಕಂಟೇನರ್‌ನ ಹೊರಗಿನ ಶೇಖರಣಾ ಜಾಗ) ಜೋಡಿಸಿ. ಪೋರ್ಟ್ 5432. ನಿಮ್ಮ ಕಂಪ್ಯೂಟರ್‌ನಲ್ಲಿ ಬೇರೊಂದು ಪೋಸ್ಟ್‌ಗ್ರೆಸ್ ಆಗಲೇ ಆ ಪೋರ್ಟ್ ಹಿಡಿದಿದ್ದರೆ ಹೊರಗಿನ ಪೋರ್ಟನ್ನು 5433 ಮಾಡಿ.

ಗಂಟೆಗಟ್ಟಲೆ ತಲೆ ಕೆಡಿಸುವ ತೊಂದರೆಯೊಂದು ಇಲ್ಲಿದೆ. ಕಂಪೋಸ್ ಫೈಲ್‌ನಲ್ಲಿ ಪಾಸ್‌ವರ್ಡ್ ಬದಲಿಸುತ್ತೀರಿ, ಕಂಟೇನರ್ ಮತ್ತೆ ಶುರು ಮಾಡುತ್ತೀರಿ, ಆದರೂ ‘ಪಾಸ್‌ವರ್ಡ್ ಆಥೆಂಟಿಕೇಶನ್ ಫೇಲ್ಡ್’ ಎಂದೇ ಬರುತ್ತದೆ. ಕಾರಣ ಇಷ್ಟೆ: ಡೇಟಾ ಫೋಲ್ಡರ್ ಖಾಲಿ ಇದ್ದಾಗ, ಅಂದರೆ ಮೊದಲ ಸಲ ಮಾತ್ರ, ಕಂಪೋಸ್‌ನಲ್ಲಿ ಕೊಟ್ಟ ಪಾಸ್‌ವರ್ಡ್ ಲೆಕ್ಕಕ್ಕೆ ಬರುತ್ತದೆ. ವಾಲ್ಯೂಮ್‌ನಲ್ಲಿ ಹಳೆಯದೇ ಕೂತಿರುತ್ತದೆ. ಒಳಗೇನೂ ಬೇಕಾದ್ದಿಲ್ಲದಿದ್ದರೆ ‘ಡಾಕರ್ ಕಂಪೋಸ್ ಡೌನ್ -ವಿ’ ಕೊಟ್ಟು ವಾಲ್ಯೂಮ್ ಸಮೇತ ತೆಗೆದುಹಾಕಿ. ಬೇಕಾದ ಡೇಟಾ ಇದ್ದರೆ ಕಂಟೇನರ್ ಒಳಗೆ ಪಿಎಸ್‌ಕ್ಯುಎಲ್ (ಪೋಸ್ಟ್‌ಗ್ರೆಸ್‌ನ ಟರ್ಮಿನಲ್ ಸಾಧನ) ತೆರೆದು ‘ಆಲ್ಟರ್ ರೋಲ್’ ಮೂಲಕ ಪಾಸ್‌ವರ್ಡ್ ಬದಲಿಸಿ.

ಈಗ ‘ನೋಟ್ಸ್’ ಎಂಬ ಟೇಬಲ್ ಮಾಡಿ: ಐಡಿ, ಪಠ್ಯ, ಸಮಯ, ಮೂರೇ ಕಾಲಂ. ಟರ್ಮಿನಲ್‌ನಲ್ಲಿ ಟೈಪ್ ಮಾಡಿ ಮುಗಿಸಬೇಡಿ. 001 ಎಂದು ಶುರುವಾಗುವ ಎಸ್‌ಕ್ಯುಎಲ್ ಫೈಲ್‌ನಲ್ಲಿ ಬರೆದು ಅದನ್ನೇ ಓಡಿಸಿ. ಒಂದು ಸಾಲು ಸೇರಿಸಿ, ಸೆಲೆಕ್ಟ್ ಮಾಡಿ ನೋಡಿ. ಅದು ಕಾಣಿಸಿದ ಮೇಲೆಯೇ ಮುಂದಕ್ಕೆ.

ಸರ್ವರ್

‘ಸರ್ವರ್’ ಫೋಲ್ಡರ್‌ನಲ್ಲಿ ‘ಎನ್‌ಪಿಎಂ ಇನಿಟ್’ ಮಾಡಿ (ಎನ್‌ಪಿಎಂ ಎಂದರೆ ನೋಡ್‌ನ ಪ್ಯಾಕೇಜ್ ಸಾಧನ) ಎಕ್ಸ್‌ಪ್ರೆಸ್ 5 ಮತ್ತು ಪೋಸ್ಟ್‌ಗ್ರೆಸ್ ಜತೆ ಮಾತಾಡುವ ಪಿಜಿ ಎರಡನ್ನೇ ಹಾಕಿ. ಎಕ್ಸ್‌ಪ್ರೆಸ್ 5ನ್ನೇ ಆರಿಸಲು ಕಾರಣವಿದೆ: ಅಸಿಂಕ್ ಫಂಕ್ಷನ್‌ನಲ್ಲಿ (ಡೇಟಾಬೇಸ್‌ನ ಉತ್ತರಕ್ಕೆ ಕಾಯುವಂಥ ಕೋಡ್‌ನಲ್ಲಿ) ಎದ್ದ ದೋಷವನ್ನು ಅದು ತಾನೇ ಎರರ್ ಹ್ಯಾಂಡ್ಲರ್‌ಗೆ ತಲುಪಿಸುತ್ತದೆ, 4ರಲ್ಲಿ ಆ ಕೆಲಸ ನೀವೇ ಮಾಡಬೇಕು. ಡೇಟಾಬೇಸ್ ವಿಳಾಸ ‘.ಎನ್ವ್’ ಫೈಲ್‌ನಲ್ಲಿರಲಿ. ನೋಡ್ 20.6ರಿಂದೀಚೆಗೆ ಅದನ್ನು ಓದಲು ಬೇರೆ ಪ್ಯಾಕೇಜ್ ಬೇಕಿಲ್ಲ, ‘--ಎನ್ವ್-ಫೈಲ್’ ಆಯ್ಕೆ ಸಾಕು. ಫೈಲ್ ತಿದ್ದಿದಾಗ ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಿ.

ಕನೆಕ್ಷನ್ ಪೂಲ್, ಅಂದರೆ ಮತ್ತೆ ಮತ್ತೆ ಬಳಸಲು ತೆರೆದಿಟ್ಟ ಡೇಟಾಬೇಸ್ ಸಂಪರ್ಕಗಳ ಗುಂಪು, ಇಡೀ ಸರ್ವರ್‌ಗೆ ಒಂದೇ ಇರಬೇಕು. ಅದನ್ನು ಬೇರೆ ಫೈಲ್‌ನಲ್ಲಿ ಒಮ್ಮೆ ಸೃಷ್ಟಿಸಿ ಎಲ್ಲ ಕಡೆಗೂ ಅದನ್ನೇ ಕರೆದುಕೊಳ್ಳಿ. ಮಿತಿ ಬದಲಿಸದಿದ್ದರೆ ಪಿಜಿಯ ಒಂದು ಪೂಲ್ ಹೆಚ್ಚೆಂದರೆ 10 ಕನೆಕ್ಷನ್ ತೆರೆಯುತ್ತದೆ. ಪೋಸ್ಟ್‌ಗ್ರೆಸ್ ತಾನಾಗಿ ಬಿಡುವ ಮಿತಿ 100. ಪ್ರತಿ ಕೋರಿಕೆಗೂ ಹೊಸ ಪೂಲ್ ಮಾಡಿದರೆ ಈ ನೂರು ತುಂಬಲು ಹೊತ್ತು ಬೇಕಿಲ್ಲ.

ಸದ್ಯಕ್ಕೆ ಎರಡೇ ದಾರಿ (ರೂಟ್, ಅಂದರೆ ಸರ್ವರ್ ಉತ್ತರಿಸುವ ವಿಳಾಸ) ಬರೆಯಿರಿ. ‘/ಎಪಿಐ/ಹೆಲ್ತ್’ ಡೇಟಾಬೇಸ್‌ಗೆ ‘ಸೆಲೆಕ್ಟ್ 1’ ಕಳಿಸಿ ಸರಿಯಿದೆ ಎನ್ನಲಿ, ‘/ಎಪಿಐ/ನೋಟ್ಸ್’ ಸಾಲುಗಳನ್ನು ಕೊಡಲಿ. ಬಳಕೆದಾರರು ಕೊಟ್ಟ ಪಠ್ಯವನ್ನು ಎಸ್‌ಕ್ಯುಎಲ್ ವಾಕ್ಯಕ್ಕೆ ಎಂದೂ ನೇರವಾಗಿ ಅಂಟಿಸಬೇಡಿ. $1 ಎಂದು ಜಾಗ ಬಿಟ್ಟು ಮೌಲ್ಯವನ್ನು ಪ್ರತ್ಯೇಕವಾಗಿ ಕಳಿಸಿ. ಸರ್ವರ್ 3000ದಲ್ಲಿ ಓಡಲಿ. ಟರ್ಮಿನಲ್‌ನಿಂದಲೇ ಕೋರಿಕೆ ಕಳಿಸುವ ಕರ್ಲ್‌ನಿಂದ ಎರಡಕ್ಕೂ ಉತ್ತರ ಬರುತ್ತಿದೆಯೇ ನೋಡಿ.

ಪರದೆ

‘ಕ್ಲೈಂಟ್’ ಫೋಲ್ಡರ್‌ನಲ್ಲಿ ‘ಎನ್‌ಪಿಎಂ ಕ್ರಿಯೇಟ್ ವೀಟ್’ ಕೊಟ್ಟು ರಿಯಾಕ್ಟ್ ಆರಿಸಿ. ವೀಟ್ ಎಂದರೆ ಪರದೆಯ ಕೋಡನ್ನು ಓಡಿಸುವ, ಬಿಲ್ಡ್ ಮಾಡುವ ಸಾಧನ. ಅದು ಪೋರ್ಟ್ 5173ರಲ್ಲಿ ಓಡುತ್ತದೆ. ಪೋರ್ಟ್ ಬೇರೆಯಾದರೆ ಬ್ರೌಸರ್‌ನ ಲೆಕ್ಕದಲ್ಲಿ ಮೂಲವೇ ಬೇರೆ, ಆದ್ದರಿಂದ ಪುಟದಿಂದ ನೇರವಾಗಿ 3000ಕ್ಕೆ ಕೇಳಿದರೆ ಕಾರ್ಸ್ ಎರರ್ (ಬೇರೆ ಮೂಲದ ಉತ್ತರವನ್ನು ಬ್ರೌಸರ್ ತಡೆದಿದೆ ಎಂಬ ದೋಷ) ಬರುತ್ತದೆ. ಸರ್ವರ್‌ನಲ್ಲಿ ಎಲ್ಲರಿಗೂ ಬಾಗಿಲು ತೆರೆದಿಡುವ ಬದಲು ವೀಟ್ ಕಾನ್ಫಿಗ್‌ನಲ್ಲಿ ‘/ಎಪಿಐ’ಯಿಂದ ಶುರುವಾಗುವುದನ್ನೆಲ್ಲ 3000ಕ್ಕೆ ಪ್ರಾಕ್ಸಿ ಮಾಡಿ, ಅಂದರೆ ವೀಟ್ ಮೂಲಕವೇ ದಾಟಿಸಿ. ಪುಟದಿಂದ ಕೋರಿಕೆ ಕಳಿಸುವ ಫೆಚ್‌ನಲ್ಲಿ ಪೂರ್ತಿ ವಿಳಾಸ ಬೇಡ, ‘/ಎಪಿಐ/ನೋಟ್ಸ್’ ಎಂದಷ್ಟೇ ಬರೆಯಿರಿ.

ಸರ್ವರ್ ಕಳಿಸಿದ ಜೇಸನ್ (ಡೇಟಾ ಸಾಗಿಸುವ ಪಠ್ಯ ರೂಪ) ಓದುವಾಗ ‘ಅನ್‌ಎಕ್ಸ್‌ಪೆಕ್ಟೆಡ್ ಟೋಕನ್ <’ ಎಂದು ಬಂದರೆ ಪ್ರಾಕ್ಸಿ ಕೆಲಸ ಮಾಡುತ್ತಿಲ್ಲವೆಂದೇ ಮೊದಲು ಅನುಮಾನಿಸಿ. ಆ ವಿಳಾಸ ಗೊತ್ತಿಲ್ಲದ ವೀಟ್ ತನ್ನ ಎಚ್‌ಟಿಎಂಎಲ್ ಪುಟವನ್ನೇ ಕಳಿಸಿರುತ್ತದೆ. ಆ < ಚಿಹ್ನೆ ಪುಟದ ಮೊದಲ ಅಕ್ಷರ. ‘ವೀಟ್_’ ಎಂದು ಹೆಸರು ಶುರುವಾಗುವ ಎನ್ವ್ ಮೌಲ್ಯಗಳು ಬ್ರೌಸರ್ ಕೋಡ್‌ನೊಳಗೆ ಸೇರಿ ಹೊರಗೆ ಹೋಗುತ್ತವೆ, ಗುಟ್ಟಿನದ್ದೇನನ್ನೂ ಅಲ್ಲಿ ಇಡಬೇಡಿ.

ಆ್ಯಪ್ ಹೊರಗೆ ಬಿಡುವಾಗ, ಬಿಲ್ಡ್ ಮಾಡಿದ ‘ಡಿಸ್ಟ್’ ಫೋಲ್ಡರನ್ನು ಎಕ್ಸ್‌ಪ್ರೆಸ್ಸೇ ಹಂಚಲಿ. ಒಳಪುಟದಲ್ಲಿ ರಿಫ್ರೆಶ್ ಒತ್ತಿದಾಗ 404 ಬಾರದಿರಲು, ಎಪಿಐ ದಾರಿಗಳೆಲ್ಲ ಮುಗಿದ ಮೇಲೆ, ಉಳಿದ ಎಲ್ಲ ವಿಳಾಸಕ್ಕೂ ಇಂಡೆಕ್ಸ್ ಪುಟ ಕೊಡುವ ದಾರಿಯೊಂದು ಬೇಕು. ಎಕ್ಸ್‌ಪ್ರೆಸ್ 5ರಲ್ಲಿ ಬರಿಯ ನಕ್ಷತ್ರ ಚಿಹ್ನೆ ನಡೆಯುವುದಿಲ್ಲ, ಅದಕ್ಕೊಂದು ಹೆಸರು ಕೊಡಬೇಕು.

ಕೊನೆಯ ಪರೀಕ್ಷೆ: ಪ್ರಾಜೆಕ್ಟನ್ನು ಬೇರೆ ಫೋಲ್ಡರ್‌ಗೆ ಕ್ಲೋನ್ ಮಾಡಿ, ‘ಕ್ಲೈಂಟ್’, ‘ಸರ್ವರ್’ ಎರಡೂ ಕಡೆ ‘ಎನ್‌ಪಿಎಂ ಸಿಐ’ (ಲಾಕ್ ಫೈಲ್‌ನಲ್ಲಿರುವ ಆವೃತ್ತಿಗಳನ್ನೇ ಹಾಕುವ ಆಜ್ಞೆ) ಕೊಟ್ಟು, ರೀಡ್‌ಮಿಯಲ್ಲಿ ಬರೆದಷ್ಟನ್ನೇ ಅನುಸರಿಸಿ ಓಡಿಸಿ. ಇಲ್ಲಿ ಹೆಚ್ಚಾಗಿ ಕೈಕೊಡುವುದು ‘.ಎನ್ವ್’, ಅದು ಗಿಟ್‌ನಲ್ಲಿ ಇರುವುದಿಲ್ಲವಲ್ಲ. ಹೆಸರುಗಳು ಮಾತ್ರ ಇದ್ದು ಮೌಲ್ಯ ಖಾಲಿ ಬಿಟ್ಟ ‘.ಎನ್ವ್.ಎಕ್ಸಾಂಪಲ್’ ಫೈಲ್ ಒಂದನ್ನು ಸೇರಿಸಿ ಕಮಿಟ್ ಮಾಡಿ.